ಹಾಲಿ ಸಂಸದರು ನಿಲ್ಲದ ಕ್ಷೇತ್ರದಲ್ಲಿ ಅಭ್ಯರ್ಥಿಯನ್ನು ಅಳೆಯುವುದು ಯಾವುದರಿಂದ? ಚಿತ್ರದುರ್ಗ 2024ರ ಬಗ್ಗೆ ಒಂದು ಚರ್ಚೆ

ಕೋಟೆ ರಸ್ತೆ ಓದುಗ, ಚಿತ್ರದುರ್ಗ

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರದ ಹಾಲಿ ಸಂಸದರೂ ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಇಲಾಖೆಯ ರಾಜ್ಯ ಸಚಿವರೂ ಆಗಿದ್ದ ಎ. ನಾರಾಯಣಸ್ವಾಮಿಯವರು ಕಣದಲ್ಲಿರಲಿಲ್ಲ. ಆನೇಕಲ್ಲಿನಿಂದ ಬಂದಿದ್ದ ಅವರ ಜಾಗಕ್ಕೆ ಬಿಜೆಪಿಯು ಮುಧೋಳದ ಗೋವಿಂದ ಕಾರಜೋಳರನ್ನು ಕರೆತಂದಿತು. ಕಾಂಗ್ರೆಸ್ಸು 2014ರಲ್ಲಿ ಇಲ್ಲಿಂದ ಗೆದ್ದು 2019ರಲ್ಲಿ ಸೋತಿದ್ದ ಬಿ.ಎನ್. ಚಂದ್ರಪ್ಪನವರನ್ನೇ ಮತ್ತೆ ನಿಲ್ಲಿಸಿತು. ಕಾರಜೋಳರು 48,121 ಮತಗಳ ಅಂತರದಿಂದ ಗೆದ್ದದ್ದು ಎಲ್ಲರಿಗೂ ತಿಳಿದ ವಿಷಯ.

ಫಲಿತಾಂಶವನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ನಾಮಪತ್ರ ಸಲ್ಲಿಸಲು ಏಪ್ರಿಲ್ 4 ಕೊನೆಯ ದಿನವಾಗಿತ್ತು, ಮತದಾನ ಏಪ್ರಿಲ್ 26ಕ್ಕೆ ನಡೆಯಿತು. ಬಿಜೆಪಿಯ ಹೆಸರು ಮಾರ್ಚ್ ಕೊನೆಯ ವಾರದವರೆಗೂ ಹೊರಬಿದ್ದಿರಲಿಲ್ಲ. ಹಾಲಿ ಸಂಸದರು ನಿಂತಿದ್ದರೆ ಐದು ವರ್ಷದ ಲೆಕ್ಕ ಕೇಳಬಹುದಿತ್ತು. ಅವರು ನಿಲ್ಲದಿದ್ದಾಗ ಲೆಕ್ಕ ಕೊಡಬೇಕಾದವರು ಹೊರಟುಹೋಗಿರುತ್ತಾರೆ, ಹೊಸಬರು ‘ಅದು ನನ್ನ ಕಾಲದ್ದಲ್ಲ’ ಎನ್ನುತ್ತಾರೆ. ಉಳಿದ ಒಂದು ತಿಂಗಳು ನಾವು ಚರ್ಚಿಸಿದ್ದು ಒಂದೇ ಸಂಗತಿಯನ್ನು: ಇವರು ಸ್ಥಳೀಯರೋ, ಹೊರಗಿನವರೋ? ಈ ಪ್ರಶ್ನೆಗೆ ನಿಜಕ್ಕೂ ಅಷ್ಟು ಬೆಲೆಯಿದೆಯೇ, ಅಥವಾ ಬೇರೆ ಏನನ್ನೂ ಕೇಳಲು ಪುರುಸೊತ್ತು ಇಲ್ಲದಿದ್ದುದರಿಂದ ಅದನ್ನು ಕೇಳಿದೆವೇ? ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು

ಬೆಲೆಯಿದೆ ಸ್ವಾಮಿ, ಬಹಳ ಬೆಲೆಯಿದೆ. ನಮ್ಮ ತಾಲ್ಲೂಕಿನಲ್ಲಿ ಆಗ ನಡೆದದ್ದನ್ನು ನೆನಪಿಸಿಕೊಳ್ಳಿ. ಹೊಳಲ್ಕೆರೆಯ ಶಾಸಕರು ತಮ್ಮ ಮಗನಿಗೆ ಟಿಕೆಟ್ ತಪ್ಪಿತೆಂದು ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು, ಕೊನೆಗೆ ಪಕ್ಷದ ಹಿರಿಯರು ಸಮಾಧಾನಪಡಿಸಬೇಕಾಯಿತು. ಅದರಲ್ಲಿ ಪುತ್ರವ್ಯಾಮೋಹ ಎಷ್ಟಿತ್ತು, ಕ್ಷೇತ್ರದ ಅಭಿಮಾನ ಎಷ್ಟಿತ್ತು ಎಂಬುದನ್ನು ನಾನು ತೂಗಲು ಹೋಗುವುದಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ನಮ್ಮ ಮನೆಮನೆಯಲ್ಲೂ ಇತ್ತು: ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಬ್ಬರೂ ಯೋಗ್ಯರು ಸಿಗಲಿಲ್ಲವೇ?

ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ 2009ರಲ್ಲಿ ಗೆದ್ದ ಜನಾರ್ದನ ಸ್ವಾಮಿಯವರು ಹೊಸದುರ್ಗ ತಾಲ್ಲೂಕಿನವರು. ಅಮೆರಿಕದಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿ ಬಂದವರಾದರೂ ಊರಿನ ಹೆಸರು ಹೇಳಿದರೆ ದಾರಿ ಗೊತ್ತಿತ್ತು. ಸಂಸದರ ಕೆಲಸವೆಲ್ಲ ದೆಹಲಿಯಲ್ಲೇ ಇರುತ್ತದೆ ಎಂದು ಇಲ್ಲಿ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಯ ಸಭೆಗೆ ಅಧ್ಯಕ್ಷತೆ ವಹಿಸುವವರು ಸಂಸದರೇ. ಕೊಳೆರೋಗದಿಂದ ತೋಟ ಹಾಳಾದಾಗ ಬೆಳೆ ವಿಮೆಯ ದುಡ್ಡು ಯಾಕೆ ಬರಲಿಲ್ಲ ಎಂದು ಆ ಸಭೆಯಲ್ಲಿ ಅಧಿಕಾರಿಯನ್ನು ಕೇಳಬೇಕಾದರೆ, ಕೇಳುವವರಿಗೆ ಅಡಿಕೆ ಗೊನೆ ಯಾವ ತಿಂಗಳಲ್ಲಿ ಇಳಿಯುತ್ತದೆ ಎಂಬುದಾದರೂ ಗೊತ್ತಿರಬೇಡವೇ?

ಚಳ್ಳಕೆರೆ ವಕೀಲ

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಂಡರೆ ಚರ್ಚೆಗೆ ಅನುಕೂಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 4ನೇ ಕಲಮಿನ ಪ್ರಕಾರ, ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರದಲ್ಲಿ ನಿಲ್ಲುವವರು ಆ ರಾಜ್ಯದ ಅಥವಾ ಬೇರೆ ಯಾವುದೇ ರಾಜ್ಯದ ಪರಿಶಿಷ್ಟ ಜಾತಿಗೆ ಸೇರಿದ್ದು, ದೇಶದ ಯಾವುದಾದರೂ ಒಂದು ಲೋಕಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ವಿಧಾನಸಭೆಗಾದರೆ ಹಾಗಲ್ಲ, 5ನೇ ಕಲಮು ಅದೇ ರಾಜ್ಯದ ಮತದಾರರಾಗಿರಬೇಕೆನ್ನುತ್ತದೆ, ಮೀಸಲು ಸ್ಥಾನವಾದರೆ ಜಾತಿಯೂ ಅದೇ ರಾಜ್ಯದ ಪಟ್ಟಿಯಲ್ಲಿರಬೇಕೆನ್ನುತ್ತದೆ. ರಾಜ್ಯಸಭೆಗೂ ಮೊದಲು ಆ ರಾಜ್ಯದವರೇ ಆಗಿರಬೇಕೆಂಬ ಷರತ್ತು ಇತ್ತು. 2003ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು, 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಟ್ಟಿನಲ್ಲಿ ಕಾನೂನಿನ ದೃಷ್ಟಿಯಲ್ಲಿ ಮುಧೋಳದವರಾಗಲಿ, ಮುಜಫ್ಫರಪುರದವರಾಗಲಿ ಚಿತ್ರದುರ್ಗಕ್ಕೆ ಹೊರಗಿನವರಲ್ಲ.

ಹಾಗೆಂದ ಮಾತ್ರಕ್ಕೆ ಹೊಳಲ್ಕೆರೆಯವರ ಪ್ರಶ್ನೆ ಮುಗಿಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಕಾನೂನು ಅರ್ಹತೆಯನ್ನು ಹೇಳುತ್ತದೆ, ಯೋಗ್ಯತೆಯನ್ನು ಮತದಾರರಿಗೇ ಬಿಟ್ಟಿದೆ. ಆದರೆ ಯೋಗ್ಯತೆಗೆ ಹುಟ್ಟೂರೇ ಅಳತೆಯೆನ್ನುವವರು ಒಂದನ್ನು ಯೋಚಿಸಬೇಕು. 1952ರ ಮೊದಲ ಲೋಕಸಭೆಗೆ ಚಿತ್ರದುರ್ಗದಿಂದ ಹೋದವರು ಎಸ್. ನಿಜಲಿಂಗಪ್ಪನವರು. ಅವರು ಹುಟ್ಟಿದ್ದು ಹಲುವಾಗಲಿನಲ್ಲಿ. ಆ ಊರು ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಇತ್ತ ನಮ್ಮದು ಮೈಸೂರು ಸಂಸ್ಥಾನ. ಗಡಿ ದಾಟಿ ಬಂದು ಇಲ್ಲಿ ವಕೀಲಿ ಮಾಡಿದರು, ಇಲ್ಲೇ ಮನೆ ಮಾಡಿದರು, ಸೀಬಾರದಲ್ಲಿ ಅವರ ಸ್ಮಾರಕವಿದೆ. ಇಂದು ಅವರನ್ನು ಹೊರಗಿನವರೆಂದು ಯಾರಾದರೂ ಹೇಳಿಬಿಟ್ಟರೆ ಕೇಳಿಸಿಕೊಂಡು ಸುಮ್ಮನಿರುವ ದುರ್ಗದವರು ಸಿಗಲಾರರು.

ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು

ವಕೀಲರೇ, ನಿಜಲಿಂಗಪ್ಪನವರು ಇಲ್ಲಿ ವಕೀಲಿ ಮಾಡಿ, ಚಳವಳಿಯಲ್ಲಿ ಜೈಲಿಗೆ ಹೋಗಿ, ಆಮೇಲೆ ಮತ ಕೇಳಿದವರು. ನಾಮಪತ್ರದ ಹಿಂದಿನ ವಾರ ಬಂದವರಲ್ಲ. ನೀವು ಕೊಟ್ಟ ಉದಾಹರಣೆ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ.

ಪಾವಗಡದಿಂದ ಒಬ್ಬರು

ಚರ್ಚೆಯಲ್ಲಿ ‘ನಮ್ಮ ಜಿಲ್ಲೆ, ನಮ್ಮ ಜಿಲ್ಲೆ’ ಎಂದು ಪದೇ ಪದೇ ಬರುತ್ತಿರುವುದನ್ನು ಓದಿ ಬರೆಯುತ್ತಿದ್ದೇನೆ. ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜೊತೆಗೆ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡವೂ ಇವೆ. ನಮಗೆ ಜಿಲ್ಲಾಧಿಕಾರಿಯ ಕಚೇರಿ ತುಮಕೂರಿನಲ್ಲಿ, ಸಂಸದರ ಕಚೇರಿ ಚಿತ್ರದುರ್ಗದಲ್ಲಿ, ಮೂರು ದಿಕ್ಕಿಗೆ ಆಂಧ್ರ. ಚಿತ್ರದುರ್ಗ ನಗರದವರೊಬ್ಬರು ಅಭ್ಯರ್ಥಿಯಾಗಿ ಬಂದರೆ ನಿಮಗೆ ಸ್ಥಳೀಯರು. ನಮ್ಮ ರೊಪ್ಪದಲ್ಲೋ ವೈ.ಎನ್. ಹೊಸಕೋಟೆಯಲ್ಲೋ ಬಂದು ಕನ್ನಡದಲ್ಲಿ ಭಾಷಣ ಶುರು ಮಾಡಿ, ಜನ ತೆಲುಗಿನಲ್ಲಿ ಉತ್ತರ ಕೊಟ್ಟಾಗ ಅವರೂ ಪಕ್ಕದವರ ಮುಖ ನೋಡಬೇಕಾಗುತ್ತದೆ. ಹಾಗೆ ನೋಡಿದರೆ ಪಾವಗಡದ ಮುಖಂಡರೊಬ್ಬರಿಗೆ ಟಿಕೆಟ್ ಸಿಕ್ಕಿದ್ದರೆ ಹೊಳಲ್ಕೆರೆಯವರು ಅವರನ್ನು ಸ್ಥಳೀಯರೆಂದು ಒಪ್ಪುತ್ತಿದ್ದರೇ?

ಇನ್ನೊಂದು ಸಂಗತಿಯನ್ನು ಹೇಳದೆ ಇರಲಾಗದು. 2019ರ ಸೆಪ್ಟೆಂಬರಿನಲ್ಲಿ, ಗೆದ್ದು ಕೆಲವೇ ತಿಂಗಳಾಗಿದ್ದ ಸಂಸದ ನಾರಾಯಣಸ್ವಾಮಿಯವರನ್ನು ದಲಿತರೆಂಬ ಕಾರಣಕ್ಕೆ ನಮ್ಮ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಒಳಗೆ ಬರಬೇಡಿರೆಂದು ಬಾಗಿಲಲ್ಲೇ ತಡೆದರು. ಹಟ್ಟಿಯವರಿಗೆ ಮನೆ, ನೀರು, ಸವಲತ್ತು ಕೊಡಿಸುವ ವಿಷಯವಾಗಿ ಹೋದವರು ಹೊರಗೇ ನಿಂತು ಮಾತನಾಡಿ ಹಿಂತಿರುಗಿದರು. ಆ ದಿನ ಅವರನ್ನು ತಡೆದದ್ದು ಆನೇಕಲ್ಲಿನವರೆಂದಲ್ಲ. ನಮ್ಮದೇ ಊರಿನಲ್ಲಿ ಹುಟ್ಟಿದ ದಲಿತ ಸಂಸದರಾಗಿದ್ದರೂ ಅದೇ ನಡೆಯುತ್ತಿತ್ತು. ಒಳಗಿನವರು, ಹೊರಗಿನವರು ಎಂಬ ಮಾತನ್ನು ಈ ಕ್ಷೇತ್ರದಲ್ಲಿ ಆಡುವಾಗ ಇದನ್ನೂ ಜೊತೆಗಿಟ್ಟುಕೊಂಡು ಆಡಬೇಕು.

ಹಿರಿಯೂರಿನ ಮೇಷ್ಟ್ರು

ಪಾವಗಡದವರು ಮುಟ್ಟಿದ್ದು ಮೂಲವನ್ನು. ಕ್ಷೇತ್ರ ಮೀಸಲು, ಆದರೆ ಮತ ಹಾಕುವವರು ಎಲ್ಲ ಜಾತಿಯವರು. 1932ರ ಪೂನಾ ಒಪ್ಪಂದದಿಂದ ಬಂದ ಏರ್ಪಾಡು ಇದು. ಲಿಂಗಾಯತರು, ನಾಯಕರು, ಗೊಲ್ಲರು, ಕುರುಬರು, ಒಕ್ಕಲಿಗರು, ಮುಸ್ಲಿಮರು ಇರುವ ಎಂಟು ಕ್ಷೇತ್ರಗಳಲ್ಲಿ ಎಲ್ಲರಿಗೂ ‘ಪರವಾಗಿಲ್ಲ’ ಎನ್ನಿಸುವ ಅಭ್ಯರ್ಥಿಯನ್ನೇ ಪಕ್ಷಗಳು ಹುಡುಕುತ್ತವೆ. ಸ್ಥಳೀಯ ದಲಿತ ನಾಯಕ ಎಂದರೆ ಯಾವುದೋ ಜಮೀನಿನ ಜಗಳದಲ್ಲಿ, ಯಾವುದೋ ಹೋಟೆಲಿನ ಲೋಟದ ವಿಚಾರದಲ್ಲಿ, ದೇವಸ್ಥಾನದ ಪ್ರವೇಶದ ವಿಚಾರದಲ್ಲಿ ಒಂದು ಕಡೆ ನಿಂತವನಾಗಿರುತ್ತಾನೆ. ಅವನಿಗೆ ಊರಿನಲ್ಲಿ ವಿರೋಧಿಗಳು ಇದ್ದೇ ಇರುತ್ತಾರೆ. ಹೊರಗಿನಿಂದ ಬಂದವರಿಗೆ ಇಲ್ಲಿ ಶತ್ರುಗಳಿರುವುದಿಲ್ಲ, ಅದೇ ಅವರ ದೊಡ್ಡ ಅರ್ಹತೆ. ಇದರ ಮೇಲೆ ಪರಿಶಿಷ್ಟ ಜಾತಿಯೊಳಗಿನ ಎಡಗೈ, ಬಲಗೈ ಗುಂಪುಗಳ ಲೆಕ್ಕಾಚಾರ ಬೇರೆ. ಪರಿಶಿಷ್ಟರ ಮೀಸಲನ್ನು ಒಳಗುಂಪುಗಳಿಗೆ ಹಂಚುವ ಒಳಮೀಸಲಾತಿಗೆ ಸುಪ್ರೀಂ ಕೋರ್ಟು ದಾರಿ ತೆರೆದದ್ದು 2024ರ ಆಗಸ್ಟ್ 1ರಂದು, ಅಂದರೆ ಚುನಾವಣೆ ಮುಗಿದ ಮೇಲೆ. ಪ್ರಚಾರದ ಹೊತ್ತಿಗೆ ಅದು ಹಟ್ಟಿಹಟ್ಟಿಯಲ್ಲೂ ಕುದಿಯುತ್ತಿದ್ದ ಪ್ರಶ್ನೆ. ನಮ್ಮ ಕೇರಿಯ ಹುಡುಗರು ಅಭ್ಯರ್ಥಿಯ ಊರನ್ನು ಕೇಳಿದ್ದನ್ನು ನಾನು ಕೇಳಿಲ್ಲ. ‘ನಮ್ಮವರೋ, ಆ ಕಡೆಯವರೋ’ ಎಂದು ಕೇಳಿದ್ದನ್ನು ಕೇಳಿದ್ದೇನೆ.

ಹೊಳಲ್ಕೆರೆಯವರು ‘ಒಬ್ಬರೂ ಸಿಗಲಿಲ್ಲವೇ’ ಎಂದು ಕೇಳಿದರು. ಸಿಗುವುದು ಎಲ್ಲಿಂದ? ಲೋಕಸಭೆಗೆ ನಿಲ್ಲಬಲ್ಲ ಸ್ಥಳೀಯ ನಾಯಕ ತಾಲ್ಲೂಕು ಪಂಚಾಯಿತಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಪಳಗಿ ಬರಬೇಕು. ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆಯನ್ನು ಒಮ್ಮೆ ಗ್ಯಾಲರಿಯಲ್ಲಿ ಕುಳಿತು ನೋಡಿದ್ದೆ. ಮೊದಲ ಬಾರಿ ಗೆದ್ದಿದ್ದ, ಕೂಲಿ ಮಾಡುವ ಮನೆಯಿಂದ ಬಂದಿದ್ದ ಸದಸ್ಯೆಯೊಬ್ಬರು ಕುಡಿಯುವ ನೀರಿನ ಘಟಕದ ಬಿಲ್ಲನ್ನು ಕೈಯಲ್ಲಿ ಹಿಡಿದು, ಕೆಟ್ಟು ನಿಂತ ಘಟಕಕ್ಕೆ ನಿರ್ವಹಣೆಯ ಹಣ ಹೇಗೆ ಪಾವತಿಯಾಯಿತೆಂದು ಎಂಜಿನಿಯರನ್ನು ಕೇಳಿದರು. ಅವರು ‘ಪರಿಶೀಲಿಸುತ್ತೇನೆ’ ಎಂದಾಗ ‘ಈಗಲೇ ಫೋನು ಮಾಡಿ’ ಎಂದು ನಿಂತೇ ಇದ್ದರು. ಅಂಥವರಿಗೆ ಇನ್ನೆರಡು ಅವಧಿ ಸಿಕ್ಕಿದ್ದರೆ ಪಕ್ಷಗಳು ಮುಧೋಳದವರೆಗೆ ಹೋಗಬೇಕಾಗಿರಲಿಲ್ಲವೇನೋ. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. 2024ರ ಲೋಕಸಭಾ ಚುನಾವಣೆ ಬಂದಾಗಲೂ ಅವುಗಳಿಗೆ ಚುನಾವಣೆ ನಡೆದಿರಲಿಲ್ಲ, ಆಡಳಿತಾಧಿಕಾರಿಗಳ ಕೈಯಲ್ಲೇ ಇದ್ದವು. ಸಸಿಮಡಿಗೆ ನೀರು ನಿಲ್ಲಿಸಿ ಮಾವಿನ ಹಣ್ಣು ಯಾಕೆ ಹೊರಗಿನಿಂದ ಬರುತ್ತಿದೆ ಎಂದು ಕೇಳಿದರೆ ಏನು ಹೇಳುವುದು? ಎರಡೂ ಪಕ್ಷಗಳ ಸರ್ಕಾರಗಳು ಇದನ್ನು ಮುಂದೂಡಿದವು ಎಂಬುದನ್ನು ಒತ್ತಿ ಹೇಳುತ್ತೇನೆ.

ಚಳ್ಳಕೆರೆ ವಕೀಲ

ಮೇಷ್ಟ್ರೇ, ಈ ಕೋನದಿಂದ ನಾನು ಯೋಚಿಸಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ. ಈಗಿನ ಮೀಸಲಾತಿಯ ಹಂಚಿಕೆ 2001ರ ಜನಗಣತಿಯ ಆಧಾರದ ಮೇಲೆ 2008ರಲ್ಲಿ ಜಾರಿಯಾದದ್ದು. ಮುಂದಿನ ಪುನರ್ವಿಂಗಡಣೆಯವರೆಗೆ ಬದಲಾಗುವಂಥದ್ದಲ್ಲ. ಹೀಗಾಗಿ ಸ್ಥಳೀಯ ದಲಿತ ನಾಯಕತ್ವ ಬೆಳೆಯಲಿಲ್ಲವೆಂಬುದು ಮೀಸಲಾತಿಯ ದೋಷವಲ್ಲ, ಅದನ್ನು ಬಳಸಿಕೊಂಡ ಪಕ್ಷಗಳ ದೋಷ.

ನಿವೃತ್ತ ಚುನಾವಣಾ ಸಿಬ್ಬಂದಿ

ನಾಮಪತ್ರದ ಕೊಠಡಿಯಲ್ಲಿ ಕೆಲಸ ಮಾಡಿದ ಅನುಭವದಿಂದ ಎರಡು ಮಾತು. ಜನ ನೋಡುವುದು ಹೊರಗಿನ ಮೆರವಣಿಗೆಯನ್ನು. ನೂರು ಮೀಟರಿನ ಒಳಗೆ ಮೂರು ವಾಹನ, ಚುನಾವಣಾಧಿಕಾರಿಯ ಕೊಠಡಿಗೆ ಅಭ್ಯರ್ಥಿ ಸೇರಿ ಐದು ಮಂದಿ ಮಾತ್ರ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಹೆಸರು ಸೂಚಿಸಿ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು, ಅವರೆಲ್ಲರೂ ಇದೇ ಕ್ಷೇತ್ರದ ಮತದಾರರಾಗಿರಬೇಕು. ಅಭ್ಯರ್ಥಿ ಎಲ್ಲಿಯವರಾದರೂ ಆಗಬಹುದು, ಸೂಚಕರು ಮಾತ್ರ ಇಲ್ಲಿಯವರೇ ಆಗಬೇಕೆಂಬುದು ನನಗೆ ಯಾವಾಗಲೂ ಸೋಜಿಗ. ಲೋಕಸಭೆಗೆ ಠೇವಣಿ ಸಾಮಾನ್ಯರಿಗೆ 25,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಸಿಂಧುವಾದ ಮತಗಳ ಆರನೇ ಒಂದು ಭಾಗ ದಾಟದಿದ್ದರೆ ಅದು ಹೋಯಿತು. ಖರ್ಚಿನ ಮಿತಿ 95 ಲಕ್ಷ. ಆ ಮಿತಿಯೊಳಗೆ ಎಂಟು ವಿಧಾನಸಭಾ ಕ್ಷೇತ್ರ ಸುತ್ತುವುದು ಹೇಗೆಂದು ನನ್ನನ್ನು ಕೇಳಬೇಡಿ.

ಪ್ರತಿ ಅಭ್ಯರ್ಥಿಯ 26ನೇ ನಮೂನೆಯ ಪ್ರಮಾಣಪತ್ರವನ್ನು ಕಚೇರಿಯ ಸೂಚನಾ ಫಲಕಕ್ಕೆ ಹಚ್ಚುತ್ತಿದ್ದೆವು. ಆಸ್ತಿ, ಸಾಲ, ಮೊಕದ್ದಮೆ, ವಿದ್ಯಾಭ್ಯಾಸ ಎಲ್ಲವೂ ಅದರಲ್ಲಿ ಇರುತ್ತವೆ. ಪತ್ರಕರ್ತರು ಮೊಬೈಲಿನಲ್ಲಿ ಆಸ್ತಿಯ ಪುಟದ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. ಉಳಿದ ಪುಟಗಳು ಗಾಳಿಗೆ ಪಟಪಟನೆ ಬಡಿಯುತ್ತಿದ್ದವು. ನಿಂತು ಓದಿದ ಮತದಾರರನ್ನು ನಾನು ಕಂಡದ್ದು ಅಪರೂಪ.

ಪಿ.ಜೆ. ಬಡಾವಣೆ, ದಾವಣಗೆರೆ

ಪಕ್ಕದ ಕ್ಷೇತ್ರದವಳಾಗಿ ಬರೆಯಬಹುದೆಂದು ಭಾವಿಸುತ್ತೇನೆ. ನಿಮಗೆ ಹೊರಗಿನವರ ಚಿಂತೆ. ನಮ್ಮಲ್ಲಿ ಸ್ಥಳೀಯರು ಅತಿಯಾದ ಚಿಂತೆ. 2004ರಿಂದ 2019ರವರೆಗೆ ಸತತ ನಾಲ್ಕು ಬಾರಿ ಗೆದ್ದಿದ್ದ ಜಿ.ಎಂ. ಸಿದ್ದೇಶ್ವರ ಅವರು 2024ರಲ್ಲಿ ನಿಲ್ಲಲಿಲ್ಲ. ಕ್ಷೇತ್ರ ತೆರವಾಯಿತು ಎಂದುಕೊಳ್ಳುವಷ್ಟರಲ್ಲಿ ಬಿಜೆಪಿ ಟಿಕೆಟ್ ಅವರ ಪತ್ನಿ ಗಾಯಿತ್ರಿ ಸಿದ್ದೇಶ್ವರ ಅವರಿಗೆ, ಕಾಂಗ್ರೆಸ್ ಟಿಕೆಟ್ ಸಚಿವ ಎಸ್.ಎಸ್. ಮಲ್ಲಿಕಾರ್ಜುನ ಅವರ ಪತ್ನಿ ಡಾ. ಪ್ರಭಾ ಮಲ್ಲಿಕಾರ್ಜುನ ಅವರಿಗೆ ಹೋಯಿತು. ಒಬ್ಬರ ಮಾವ 1996 ಮತ್ತು 1999ರಲ್ಲಿ ಇಲ್ಲಿಂದ ಗೆದ್ದ ಜಿ. ಮಲ್ಲಿಕಾರ್ಜುನಪ್ಪನವರು, ಇನ್ನೊಬ್ಬರ ಮಾವ 1998ರಲ್ಲಿ ಗೆದ್ದ ಶಾಮನೂರು ಶಿವಶಂಕರಪ್ಪನವರು. ಇದೇ ಎರಡು ಮನೆಗಳ ನಡುವೆ 2009ರಲ್ಲಿ ಅಂತರ ಬರೀ 2,024 ಮತ. 1996ರಿಂದ ಈಚೆಗೆ ಈ ಎರಡು ಮನೆಗಳ ಹೊರಗಿನ ಯಾರೂ ಇಲ್ಲಿಂದ ಲೋಕಸಭೆಗೆ ಹೋಗಿಲ್ಲ. ಸ್ಥಳೀಯರು ಬೇಕು ಎಂಬ ನಿಮ್ಮ ಬೇಡಿಕೆ ಈಡೇರಿದರೆ ಹೀಗೂ ಆಗಬಹುದು.

2024ರಲ್ಲಿ ಡಾ. ಪ್ರಭಾ ಅವರು 26,094 ಮತಗಳಿಂದ ಗೆದ್ದರು. ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ ಅವರು ಅದಕ್ಕಿಂತ ಹೆಚ್ಚು, ಅಂದರೆ ನಲವತ್ತು ಸಾವಿರಕ್ಕೂ ಮೀರಿ ಮತ ಪಡೆದರು. ‘ಎರಡು ಮನೆ ಸಾಕು’ ಎನ್ನುವ ಮತಗಳು ಅವು ಎಂದು ನಾನು ಓದುತ್ತೇನೆ. ಜಾತಿಯ ಮತಗಳೆಂದು ನನ್ನ ಯಜಮಾನರು ಓದುತ್ತಾರೆ. ಮನೆಯಲ್ಲಿ ಈ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು

ಮೇಡಂ, ಎರಡು ಮನೆಯಾದರೂ ಬಾಗಿಲು ಎಲ್ಲಿದೆಯೆಂದು ನಿಮಗೆ ಗೊತ್ತು.

ಕೋಟೆ ರಸ್ತೆ ಓದುಗ, ಚಿತ್ರದುರ್ಗ

ಎಲ್ಲರ ಮಾತನ್ನೂ ಓದಿದ ಮೇಲೆ ನನ್ನ ಅಭಿಪ್ರಾಯವನ್ನು ಬಿಡಿಸಿ ಬರೆಯುತ್ತೇನೆ. ಹೊಸ ಅಭ್ಯರ್ಥಿಗೆ ಲೆಕ್ಕವೇ ಇಲ್ಲ ಎಂದುಕೊಂಡು ನಾವು ಊರಿನ ಪ್ರಶ್ನೆಗೆ ಜೋತುಬೀಳುತ್ತೇವೆ. ಆದರೆ 2024ರ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಹೊಸಬರಾಗಿರಲಿಲ್ಲ. ಕಾರಜೋಳರು ಉಪಮುಖ್ಯಮಂತ್ರಿಯಾಗಿದ್ದವರು, ಅದಕ್ಕಿಂತ ಮುಖ್ಯವಾಗಿ 2021ರಿಂದ 2023ರವರೆಗೆ ರಾಜ್ಯದ ಜಲಸಂಪನ್ಮೂಲ ಸಚಿವರಾಗಿದ್ದವರು. ಚಂದ್ರಪ್ಪನವರು ಐದು ವರ್ಷ ಸಂಸದರಾಗಿದ್ದವರು. ಈ ಕ್ಷೇತ್ರದ ಅತಿ ದೊಡ್ಡ ಪ್ರಶ್ನೆಯಾದ ಭದ್ರಾ ಮೇಲ್ದಂಡೆಯ ಕಡತ ಇಬ್ಬರಿಗೂ ಪರಿಚಿತ.

ಯೋಜನೆಯ ರೂಪ ಗೊತ್ತಿರುವುದೇ: ತುಂಗೆಯಿಂದ ಭದ್ರೆಗೆ 17.40 ಟಿಎಂಸಿ, ಭದ್ರೆಯಿಂದ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಈ ಕಡೆಗೆ 29.90 ಟಿಎಂಸಿ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಲ್ಲಿ 2,25,515 ಹೆಕ್ಟೇರಿಗೆ ಹನಿ ನೀರಾವರಿ, ಜೊತೆಗೆ 367 ಕೆರೆಗಳು. 2023ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆಗ ರಾಜ್ಯದಲ್ಲಿ ಜಲಸಂಪನ್ಮೂಲ ಖಾತೆ ಕಾರಜೋಳರದ್ದೇ. ಚುನಾವಣೆ ಬಂದಾಗ ಆ ಹಣ ಬಂದಿರಲಿಲ್ಲ. ಕೇಂದ್ರ ಕೊಡಲಿಲ್ಲವೆಂದು ಒಂದು ಪಕ್ಷ, ರಾಜ್ಯ ಸರಿಯಾಗಿ ಕೇಳಲಿಲ್ಲವೆಂದು ಇನ್ನೊಂದು ಪಕ್ಷ. ಆಗ ನಾವು ಕೇಳಬೇಕಾಗಿದ್ದುದು ‘ನೀವು ಸಚಿವರಾಗಿದ್ದಾಗ ದೆಹಲಿಗೆ ಕಳಿಸಿದ ಪ್ರಸ್ತಾವದಲ್ಲಿ ಏನಿತ್ತು, ಅದು ಯಾವ ಮೇಜಿನ ಮೇಲೆ ನಿಂತಿದೆ’ ಎಂದು. ಚಂದ್ರಪ್ಪನವರನ್ನು ‘ನಿಮ್ಮ ಐದು ವರ್ಷದಲ್ಲಿ ಸದನದಲ್ಲಿ ಇದರ ಬಗ್ಗೆ ಎಷ್ಟು ಸಲ ಎದ್ದು ನಿಂತಿರಿ’ ಎಂದು. ಹಾಗೆಯೇ ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ರೈಲು ಮಾರ್ಗ 2011–12ರಲ್ಲಿ ಮಂಜೂರಾದದ್ದು. ಅಲ್ಲಿಂದ ಈಚೆಗೆ ಮೂವರು ಸಂಸದರು ಬಂದು ಹೋಗಿ, ನಾಲ್ಕನೆಯವರು ಈಗ ಇದ್ದಾರೆ.

ನಾನು ಕೇಳಿದ ಒಂದು ಸಭೆಯಲ್ಲಿ ಮಾತ್ರ ಈ ಧಾಟಿಯ ಪ್ರಶ್ನೆ ಬಂತು. ಹಿರಿಯೂರಿನ ಕಡೆಯ ಹಳ್ಳಿಯ ಅರಳಿಕಟ್ಟೆಯ ಬಳಿ, ವೇದಿಕೆಯಿಂದ ಮುಖಂಡರೊಬ್ಬರು ‘ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದದ್ದು ನಮ್ಮ ಕಾಲದಲ್ಲಿ’ ಎಂದರು. ಹಿಂದೆ ನಿಂತಿದ್ದ ವೃದ್ಧರು ‘2022ರಲ್ಲಿ ಕೋಡಿ ಬಿದ್ದದ್ದು ಮಳೆಗೆ ಕಣಯ್ಯಾ, ನಿಮ್ಮ ಕಾಲುವೆ ಎಲ್ಲಿಗೆ ಬಂತು ಅದನ್ನು ಹೇಳು’ ಎಂದು ಕೂಗಿದರು. ಮೈಕು ಹಿಡಿದವರು ಜೈಕಾರ ಶುರು ಮಾಡಿಬಿಟ್ಟರು.

ಪಿ.ಜೆ. ಬಡಾವಣೆ, ದಾವಣಗೆರೆ

ಅದೇ ಕಾಲುವೆಯ ವಿಷಯದಲ್ಲಿ ನಮ್ಮ ಕಡೆಯ ಮಾತೂ ಇದೆ. ಭದ್ರಾ ಬಲದಂಡೆಯ ಕೊನೆಯಂಚಿನ ಭತ್ತದ ರೈತರಿಗೆ ಈಗಲೇ ಬೇಸಿಗೆಯಲ್ಲಿ ನೀರು ತಲುಪುವುದು ಕಷ್ಟ. ಮೇಲಿನಿಂದ ಇನ್ನಷ್ಟು ಎತ್ತಿದರೆ ಏನು ಗತಿಯೆಂಬ ಆತಂಕ ಅವರದು. ಅತ್ತ ನಮ್ಮದೇ ಕ್ಷೇತ್ರದ ಜಗಳೂರು ಭದ್ರಾ ಮೇಲ್ದಂಡೆಗೆ ಕಾಯುತ್ತಿದೆ. ಒಂದೇ ಸಂಸದರು ಎರಡೂ ಕಡೆಯವರಿಗೆ ಉತ್ತರ ಹೇಳಬೇಕು. ಪ್ರಚಾರದಲ್ಲಿ ಜಗಳೂರಿನಲ್ಲಿ ಹೇಳಿದ ಮಾತನ್ನು ಮಲೇಬೆನ್ನೂರಿನ ಸಭೆಯಲ್ಲಿ ಯಾವ ಅಭ್ಯರ್ಥಿಯೂ ಪುನರುಚ್ಚರಿಸಿದ್ದನ್ನು ನಾನು ಕಾಣೆ.

ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು

ಓದುಗರು ಹೇಳಿದ ಪ್ರಶ್ನೆಗಳು ಸರಿಯಾಗಿಯೇ ಇವೆ. ಆದರೆ ಚುನಾವಣೆ ಮುಗಿದ ಮೇಲೆ ಆ ಪ್ರಶ್ನೆ ಕೇಳಲು ಅವರು ಸಿಗಬೇಕಲ್ಲ? ನಾನು ಊರು ಕೇಳುವುದು ಅದಕ್ಕೆ. ಹುಟ್ಟೂರು ಬೇಡವೆನ್ನಿ, ಒಪ್ಪಿದೆ. ಗೆದ್ದ ಮೇಲೆ ಇಲ್ಲಿ ವಾಸ ಮಾಡುತ್ತೀರಾ, ಕಚೇರಿ ಎಲ್ಲಿ ತೆರೆಯುತ್ತೀರಿ, ಅಲ್ಲಿ ಉತ್ತರ ಕೊಡುವ ಅಧಿಕಾರವಿರುವವರು ಯಾರು ಕೂರುತ್ತಾರೆ ಎಂಬುದನ್ನು ನಾಮಪತ್ರದ ದಿನವೇ ಬರೆದುಕೊಡಲಿ.

ಪಾವಗಡದಿಂದ ಒಬ್ಬರು

ಅದಕ್ಕೆ ನನ್ನ ಪೂರ್ಣ ಸಹಮತವಿದೆ, ಆದರೆ ಕಚೇರಿ ಎರಡು ಇರಲಿ. ಒಂದು ದುರ್ಗದಲ್ಲಿ, ಇನ್ನೊಂದು ಶಿರಾ ಅಥವಾ ಪಾವಗಡದಲ್ಲಿ. ಎರಡನೆಯದರಲ್ಲಿ ತೆಲುಗು ಬಲ್ಲವರೊಬ್ಬರನ್ನು ಕೂರಿಸಲಿ.